ಬದುಕಿದ ಗಿಡಕ್ಕೆ ದುಡ್ಡು: ಕಾಡು, ಮರ ನಂಬಿದ ಕಸುಬಿಗೆ ಸರ್ಕಾರದ ಸಹಾಯಧನ ಮತ್ತು ತರಬೇತಿ ಪಡೆಯುವ ದಾರಿ

ಮಾಘದ ಚಳಿ ಇನ್ನೂ ಬಿಟ್ಟಿರಲಿಲ್ಲ. ಪಕ್ಕದ ಊರಿನ ಖುಷ್ಕಿ ಜಾಗದಲ್ಲಿ ಫಾರೆಸ್ಟ್ ಗಾರ್ಡ್ ಒಬ್ಬರು ಸಸಿ ಎಣಿಸುತ್ತಿದ್ದರು. ಕೈಯಲ್ಲಿ ನೋಟ್‌ಬುಕ್, ಕಿವಿಯ ಮೇಲೆ ಪೆನ್ನು. ಜಮೀನಿನ ಯಜಮಾನರು ಹಿಂದೆ ಹಿಂದೆ ನಡೆಯುತ್ತಿದ್ದರು. ಒಂದು ಹೆಬ್ಬೇವಿನ ಸಸಿ ಹತ್ತಿರ ಗಾರ್ಡ್ ನಿಂತರು. ಅದರಲ್ಲಿ ಎಲೆ ಒಂದೂ ಇರಲಿಲ್ಲ.

"ಇದು ಹೋಗಿದೆ ಗೌಡ್ರೇ, ಬರೆಯೋಕೆ ಬರಲ್ಲ."

"ಹೋಗಿಲ್ಲ ಸರ್, ಎಲೆ ಉದುರಿಸಿದೆ ಅಷ್ಟೇ. ಕೆರೆದು ನೋಡಿ."

ಗಾರ್ಡ್ ಬಗ್ಗಿ ಉಗುರಿನಿಂದ ತೊಗಟೆ ಕೆರೆದರು. ಒಳಗೆ ಹಸಿರು ಕಾಣಿಸಿತು. ಪೆನ್ನು ತೆಗೆದು ಒಂದು ಗೀಟು ಎಳೆದರು. ಆ ಒಂದು ಗೀಟಿಗೆ ಮೊದಲ ವರ್ಷದ ಪ್ರೋತ್ಸಾಹಧನ 35 ರೂಪಾಯಿ.

ಕಾಡು ಮತ್ತು ಮರಕ್ಕೆ ಸಂಬಂಧಪಟ್ಟ ಯಾವ ಸರ್ಕಾರಿ ಸಹಾಯಧನ ಹಿಡಿದರೂ ಹೆಚ್ಚುಕಡಿಮೆ ಇದೇ ಲೆಕ್ಕ. ದುಡ್ಡು ಕೆಲಸದ ಹಿಂದೆ ಬರುತ್ತದೆ, ಮುಂದೆ ಬರುವುದಿಲ್ಲ. ಗಿಡ ಬದುಕಬೇಕು, ಘಟಕ ನಡೆಯಬೇಕು, ಬಿಲ್ಲು ಇರಬೇಕು, ಆಮೇಲೆ ಹಣ. ಇದನ್ನು ಮೊದಲೇ ತಿಳಿದುಕೊಂಡವರು ದಡ ಸೇರುತ್ತಾರೆ. "ಸಬ್ಸಿಡಿ ಬಂದ ಮೇಲೆ ಶುರು ಮಾಡೋಣ" ಎಂದು ಕಾದವರು ಕಾದೇ ಇರುತ್ತಾರೆ. ನಮ್ಮ ಕಡೆ ಎರಡು ಥರದವರನ್ನೂ ನೋಡಿದ್ದೇನೆ.

ನಾನು ಶಿರಸಿ ಸೀಮೆಯವಳು. ನಮ್ಮ ಸ್ವಸಹಾಯ ಸಂಘ ಮುರುಗಲು ಹಣ್ಣಿನ ಕೆಲಸ ಮಾಡುತ್ತದೆ. ಘಟ್ಟದ ಕೆಳಗೆ, ದಕ್ಷಿಣ ಕನ್ನಡದಲ್ಲಿ ಇದನ್ನೇ ಪುನರ್ಪುಳಿ ಅನ್ನುತ್ತಾರೆ. ನಮ್ಮ ಅರ್ಜಿ, ಅಕ್ಕಪಕ್ಕದವರ ಅರ್ಜಿ ತುಂಬುತ್ತಾ ಕಲಿತದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ.

ಹೆಜ್ಜೆ 1: "ಇದು ಎಲ್ಲಿಂದ ಬಂತು?" ಎಂಬ ಪ್ರಶ್ನೆಗೆ ಕಾಗದ ಇಟ್ಟುಕೊಳ್ಳಿ

ಯೋಜನೆಯ ಹೆಸರು ಹುಡುಕುವ ಮೊದಲು ಇದನ್ನು ಮಾಡಿ. ಕಿರಾಣಿ ಅಂಗಡಿಗೆ ಸಾಲ ಕೇಳುವವರಿಗೆ ಈ ಪ್ರಶ್ನೆ ಬರುವುದಿಲ್ಲ. ಮರ, ಬಿದಿರು, ಜೇನು, ಕಾಡುಹಣ್ಣು ಅಂದ ಕೂಡಲೇ ಬರುತ್ತದೆ. ಸರಕು ನಿಮ್ಮ ಸ್ವಂತ ಜಮೀನಿನದಾ? ಅರಣ್ಯದ್ದಾ? ಅರಣ್ಯದ್ದಾದರೆ ತರುವ ಹಕ್ಕು ಯಾರದು?

ಸ್ವಂತ ಜಮೀನಾದರೆ ಹೊಸದಾಗಿ ಪಹಣಿ ತೆಗೆಸಿ. ಮನೆಯ ಕಪಾಟಿನಲ್ಲಿರುವ ಹಳೇ ಪಹಣಿ ಸಾಲದು. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ನೇ ಕಾಲಂನಲ್ಲಿ ಏನು ಸಾಲ, ಏನು ತಕರಾರು ಕೂತಿದೆ ನೋಡಿ. ಅಜ್ಜನ ಹೆಸರೇ ಇದ್ದರೆ ಪೌತಿ ಖಾತೆ (ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಬದಲಾವಣೆ) ಮಾಡಿಸುವುದೇ ನಿಮ್ಮ ನಿಜವಾದ ಮೊದಲ ಹೆಜ್ಜೆ. ನಾನು ನೋಡಿದ ಅರ್ಜಿಗಳಲ್ಲಿ ಜಾಸ್ತಿ ನಿಂತದ್ದು ಇಲ್ಲೇ.

ಉತ್ತರ ಕನ್ನಡದವರಿಗೆ ಇನ್ನೊಂದು ಮಾತು. ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರಲು ಬಿಟ್ಟ ಕಾಡು, ತೋಟದ ಜೊತೆಗೆ ಬಂದ ಸೌಲಭ್ಯ. ಸೊಪ್ಪು, ದರಕು (ಒಣ ಎಲೆ) ತರಲು ಹಕ್ಕಿದೆ, ನೆಲ ಮಾತ್ರ ಸರ್ಕಾರದ್ದು. ತಲೆಮಾರಿನಿಂದ ನಾವೇ ನೋಡಿಕೊಂಡು ಬಂದಿದ್ದೇವೆ, ನಿಜ. ಆದರೆ ಅರ್ಜಿಯಲ್ಲಿ "ಸ್ವಂತ ಜಮೀನು" ಎಂದು ಬೆಟ್ಟದ ಸರ್ವೆ ನಂಬರ್ ಬರೆದರೆ ಮುಂದೆ ತೊಂದರೆ ನಿಮಗೇ. ಮೊದಲು ವಲಯ ಅರಣ್ಯಾಧಿಕಾರಿಯನ್ನು ಕೇಳಿಕೊಂಡು ಮುಂದುವರಿಯಿರಿ.

ಅರಣ್ಯದಿಂದ ತರುವ ಕಿರು ಉತ್ಪನ್ನವಾದರೆ ಎರಡು ಮುಖ್ಯ ದಾರಿಗಳಿವೆ. ಒಂದು, ಗ್ರಾಮ ಅರಣ್ಯ ಸಮಿತಿ ಅಥವಾ ಲ್ಯಾಂಪ್ಸ್ ಸೊಸೈಟಿಯ (ಆದಿವಾಸಿಗಳ ವಿವಿಧೋದ್ದೇಶ ಸಹಕಾರ ಸಂಘ) ಮೂಲಕ ತರುವುದು. ಇನ್ನೊಂದು, 2006ರ ಅರಣ್ಯ ಹಕ್ಕು ಕಾಯ್ದೆಯ ಹಕ್ಕು. ಆ ಕಾಯ್ದೆ ಪರಿಶಿಷ್ಟ ಪಂಗಡದವರಿಗೂ ಪಾರಂಪರಿಕ ಅರಣ್ಯವಾಸಿಗಳಿಗೂ ಕಿರು ಅರಣ್ಯ ಉತ್ಪನ್ನ ಸಂಗ್ರಹಿಸುವ, ಮಾರುವ ಹಕ್ಕನ್ನು ಕೊಡುತ್ತದೆ. ಅರ್ಜಿ ಗ್ರಾಮಸಭೆಯಿಂದ ಶುರುವಾಗುತ್ತದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು 2011ರಲ್ಲಿ ಇದೇ ಕಾಯ್ದೆಯಡಿ ಸಮುದಾಯ ಹಕ್ಕುಪತ್ರ ಪಡೆದರು, ಅದೂ ಹುಲಿ ಸಂರಕ್ಷಿತ ಪ್ರದೇಶದೊಳಗೆ. ಹಕ್ಕುಪತ್ರ ಕೈಯಲ್ಲಿದ್ದರೆ ಸಾಲದ ಅರ್ಜಿಗೂ ಬಲ ಬರುತ್ತದೆ.

ಬಿದಿರಿನ ವಿಷಯದಲ್ಲಿ ಈಗ ಸ್ವಲ್ಪ ಹಗುರ. 2017ರಲ್ಲಿ ಕೇಂದ್ರ ಸರ್ಕಾರ ಭಾರತೀಯ ಅರಣ್ಯ ಕಾಯ್ದೆಗೆ ತಿದ್ದುಪಡಿ ತಂದು ಬಿದಿರನ್ನು "ಮರ" ಎಂಬ ಪಟ್ಟಿಯಿಂದ ತೆಗೆಯಿತು. ರೈತರು ತಮ್ಮ ಜಾಗದಲ್ಲಿ ಬೆಳೆದ ಬಿದಿರಿಗೆ ಅನುಕೂಲವಾಗಲಿ ಎಂದೇ ಇದನ್ನು ಮಾಡಿದ್ದು. ಕಾಡಿನ ಬಿದಿರಿಗೆ ಇದು ಅನ್ವಯಿಸುವುದಿಲ್ಲ.

ಸಾಮಿಲ್ ಹಾಕುವ ಯೋಚನೆ ಇದ್ದವರು ದಯವಿಟ್ಟು ಇಲ್ಲೇ ನಿಂತು ಓದಿ. ಮರ ಕೊಯ್ಯುವ ಕಾರ್ಖಾನೆಗೆ ಅರಣ್ಯ ಇಲಾಖೆಯ ಪರವಾನಗಿ ಬೇಕೇ ಬೇಕು. 1990ರ ದಶಕದ ಸುಪ್ರೀಂ ಕೋರ್ಟ್ ಆದೇಶಗಳ ನಂತರ ಹೊಸ ಪರವಾನಗಿ ಸುಲಭವಿಲ್ಲ. ಬ್ಯಾಂಕಿನವರು ಒಪ್ಪಿದರು ಎಂದು ಯಂತ್ರ ತಂದು, ಪರವಾನಗಿ ಸಿಗದೆ ಶೆಡ್ಡಿನಲ್ಲಿ ತುಕ್ಕು ಹಿಡಿಸುವುದು ಬೇಡ. ಪರವಾನಗಿ ಮೊದಲು, ಸಾಲ ಆಮೇಲೆ.

ಹೆಜ್ಜೆ 2: ನಿಮ್ಮ ಕೆಲಸಕ್ಕೆ ಯಾವ ಬಾಗಿಲು?

ಹತ್ತು ಯೋಜನೆಗೆ ಅರ್ಜಿ ಹಾಕಿ ಒಂದಾದರೂ ಬರಲಿ ಎನ್ನುವ ಪದ್ಧತಿ ಬಿಡಿ. ಒಂದು ಕಡೆ ಪಡೆದ ಸಾಲ, ಸಬ್ಸಿಡಿ ಇನ್ನೊಂದು ಕಡೆ ಅಡ್ಡ ಬರುತ್ತದೆ. ನೀವು ದಿನಾ ಮಾಡುವ ಕೆಲಸ ಏನು ಎಂದು ಒಂದು ಸಾಲಿನಲ್ಲಿ ಬರೆಯಿರಿ. ಬಾಗಿಲು ತಾನಾಗಿ ಕಾಣುತ್ತದೆ.

*ಸ್ವಂತ ಜಾಗದಲ್ಲಿ ಮರ ಬೆಳೆಸುವವರಿಗೆ*

ರಾಜ್ಯದ ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ 2011-12ರಿಂದ ನಡೆಯುತ್ತಿದೆ. ಇಲಾಖೆಯ ನರ್ಸರಿಯಿಂದ ರಿಯಾಯಿತಿ ದರದಲ್ಲಿ ಸಸಿ ತಂದು ನೆಡಬೇಕು. ಬದುಕಿದ ಪ್ರತಿ ಸಸಿಗೆ ಮೊದಲ ವರ್ಷ 35, ಎರಡನೇ ವರ್ಷ 40, ಮೂರನೇ ವರ್ಷ 50 ರೂಪಾಯಿ. ಒಟ್ಟು 125. ಹೆಕ್ಟೇರಿಗೆ 400 ಸಸಿಯವರೆಗೆ ಲೆಕ್ಕ.

ಒಂದು ಎಕರೆಯ ಲೆಕ್ಕ ಹಾಕಿ ನೋಡೋಣ. 160 ಸಸಿ ನೆಟ್ಟಿರಿ ಅನ್ನಿ. ಮೊದಲ ಎಣಿಕೆಯಲ್ಲಿ 130 ಬದುಕಿವೆ: 4,550 ರೂಪಾಯಿ. ಎರಡನೇ ವರ್ಷ 120: 4,800. ಮೂರನೇ ವರ್ಷ 115: 5,750. ಮೂರು ವರ್ಷಕ್ಕೆ 15,100 ರೂಪಾಯಿ. ಎಲ್ಲವೂ ಬದುಕಿದ್ದರೆ 20,000. ಈ ಹಣ ನಿಮ್ಮನ್ನು ಶ್ರೀಮಂತ ಮಾಡುವುದಿಲ್ಲ. ಗುಂಡಿ ತೆಗೆದ ಕೂಲಿ, ಬೇಲಿಯ ಮುಳ್ಳು, ಒಂದೆರಡು ಬೇಸಿಗೆಯ ನೀರು, ಇವಕ್ಕೆ ಆಸರೆಯಾಗುತ್ತದೆ. ನಿಜವಾದ ಆದಾಯ ಮರದಲ್ಲಿದೆ.

ಕ್ರಮ ಹೀಗೆ. ಮಳೆಗಾಲಕ್ಕೆ ಸಾಕಷ್ಟು ಮುಂಚೆ ವಲಯ ಅರಣ್ಯ ಕಚೇರಿಗೆ ಹೋಗಿ ಹೆಸರು ನೋಂದಾಯಿಸಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್, ಫೋಟೊ ಒಯ್ಯಿರಿ. ಯಾವ ಜಾತಿ, ಎಷ್ಟು ಸಸಿ ಎಂದು ಅಲ್ಲೇ ಹೇಳಬೇಕು. ನೀಲಗಿರಿ, ಅಕೇಶಿಯಾ, ಗಾಳಿಮರ, ಸಿಲ್ವರ್ ಓಕ್, ತೆಂಗು, ಅಡಿಕೆ, ರಬ್ಬರ್, ಗೇರು, ಕಸಿ ಮಾವು, ಇವಕ್ಕೆ ಪ್ರೋತ್ಸಾಹಧನ ಇಲ್ಲ. ತೇಗ, ಹೆಬ್ಬೇವು, ಹೊನ್ನೆ, ಶ್ರೀಗಂಧ, ಹಲಸು, ನೇರಳೆ, ಬೇವು ಎಂದು ಬೇಕಾದಷ್ಟು ಉಳಿದಿವೆ. ನಮ್ಮ ಮಲೆನಾಡಿಗಾದರೆ ಮುರುಗಲು, ಹುಳಿಹಣ್ಣಿನ ಮರವಾದ ಉಪ್ಪಾಗೆಯನ್ನೂ ನರ್ಸರಿಯಲ್ಲಿ ಕೇಳಿ. ಐದಾರು ಜಾತಿ ಬೆರೆಸಿ ಹಾಕಿ ಎನ್ನುವುದು ನನ್ನ ಸಲಹೆ. ಒಂದು ಸೊರಗಿದರೆ ಇನ್ನೊಂದು ಕೈ ಹಿಡಿಯುತ್ತದೆ.

ನರ್ಸರಿಯಲ್ಲಿ ಚೀಲದ ಅಳತೆಯ ಮೇಲೆ ದರ. 5×8, 6×9, 8×12 ಇಂಚು. ದೊಡ್ಡ ಚೀಲದ ಸಸಿ ದುಬಾರಿ, ಆದರೆ ಬೇರು ಗಟ್ಟಿ. ಬೇಸಿಗೆಯಲ್ಲಿ ನೀರು ಕೊಡಲು ಆಗದ ಜಾಗಕ್ಕೆ ದೊಡ್ಡದನ್ನೇ ತನ್ನಿ. ಸಸಿ ಕೊಂಡ ರಸೀದಿ ಕಳೆಯಬೇಡಿ. ರಸೀದಿ ಇಲ್ಲದ ಸಸಿ ಎಷ್ಟೇ ಚೆನ್ನಾಗಿ ಬೆಳೆದರೂ ಎಣಿಕೆಗೆ ಬರುವುದಿಲ್ಲ.

ಎಣಿಕೆಗೆ ಮೊದಲು ಕಳೆ ತೆಗೆಸಿ ಬುಡ ಕಾಣುವಂತೆ ಮಾಡಿ, ಪ್ರತಿ ಸಸಿಯ ಪಕ್ಕ ಒಂದು ಗೂಟ ಹೊಡೆದು ತುದಿಗೆ ಸುಣ್ಣ ಬಳಿಯಿರಿ. ಹುಲ್ಲಿನಲ್ಲಿ ಮುಚ್ಚಿಹೋದ ಸಸಿಯನ್ನು ಯಾರು ತಾನೇ ಎಣಿಸುತ್ತಾರೆ? ಎಲೆ ಉದುರಿಸುವ ಜಾತಿಯಾದರೆ ಗೌಡರ ಹಾಗೆ ಪಕ್ಕದಲ್ಲೇ ಇದ್ದು ತೊಗಟೆ ಕೆರೆದು ತೋರಿಸಿ.

ಇನ್ನೊಂದು ವಿಷಯ ನೆಡುವ ದಿನವೇ ಯೋಚಿಸಬೇಕಾದ್ದು. ಕರ್ನಾಟಕದಲ್ಲಿ 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ. ಸ್ವಂತ ಮರವಾದರೂ ಬಹಳಷ್ಟು ಜಾತಿ ಕಡಿಯಲು ಅನುಮತಿ, ಸಾಗಿಸಲು ರಹದಾರಿ ಬೇಕು. ವಿನಾಯಿತಿ ಇರುವ ಜಾತಿಗಳ ಪಟ್ಟಿಯನ್ನು ವಲಯ ಕಚೇರಿಯಲ್ಲಿ ಕೇಳಿ ಪಡೆಯಿರಿ. ಶ್ರೀಗಂಧಕ್ಕೆ 2001ರ ತಿದ್ದುಪಡಿಯ ನಂತರ ಬೆಳೆದವರೇ ಒಡೆಯರು, ಆದರೆ ಕಡಿಯಲು, ಮಾರಲು ನಿಯಮ ಇದ್ದೇ ಇದೆ. ನೆಟ್ಟ ಗಿಡಗಳನ್ನು ಪಹಣಿಯಲ್ಲಿ ಬರೆಸಿಡಿ. ಮುಂದೆ ಕಡಿಯುವಾಗ "ಇದು ನಾವೇ ನೆಟ್ಟದ್ದು" ಎನ್ನಲು ಅದು ಸಾಕ್ಷಿ.

*ಕಾಡಿನ ಉತ್ಪನ್ನ ಸಂಗ್ರಹಿಸುವ ಆದಿವಾಸಿ ಸಂಘಗಳಿಗೆ*

ಪ್ರಧಾನಮಂತ್ರಿ ವನ ಧನ ಯೋಜನೆ 2018ರ ಏಪ್ರಿಲ್ 14ರಂದು ಛತ್ತೀಸಗಡದ ಬಿಜಾಪುರದಲ್ಲಿ ಶುರುವಾಯಿತು. ಸುಮಾರು 20 ಜನರ 15 ಸಂಘ ಸೇರಿ, ಅಂದರೆ ಹತ್ತಿರ ಹತ್ತಿರ 300 ಜನ, ಒಂದು ವನ ಧನ ವಿಕಾಸ ಕೇಂದ್ರ. ಅಷ್ಟು ಜನರ ಕೇಂದ್ರಕ್ಕೆ 15 ಲಕ್ಷ ರೂಪಾಯಿಯವರೆಗೆ ಅನುದಾನ. ಸದಸ್ಯರಲ್ಲಿ ಬಹುಪಾಲು ಪರಿಶಿಷ್ಟ ಪಂಗಡದವರಿರಬೇಕು. ಹಣ ತರಬೇತಿಗೆ, ಉಪಕರಣಕ್ಕೆ, ಪ್ಯಾಕಿಂಗಿಗೆ, ದುಡಿಯುವ ಬಂಡವಾಳಕ್ಕೆ ಹಂಚಿಹೋಗುತ್ತದೆ. ಇಲ್ಲಿ ಒಬ್ಬರೇ ಹೋಗಿ ಅರ್ಜಿ ಹಾಕುವ ಹಾಗಿಲ್ಲ. ಜಿಲ್ಲೆಯ ಪರಿಶಿಷ್ಟ ಪಂಗಡಗಳ ಕಲ್ಯಾಣ ಕಚೇರಿ ಅಥವಾ ನಿಮ್ಮ ಲ್ಯಾಂಪ್ಸ್ ಸೊಸೈಟಿಯ ಮೂಲಕ ಪ್ರಸ್ತಾವನೆ ಹೋಗಬೇಕು.

ಕಷ್ಟ ಎಲ್ಲಿದೆ ಅಂದರೆ 15 ಸಂಘಗಳನ್ನು ಒಂದೇ ಮಾತಿಗೆ ತರುವುದರಲ್ಲಿ. ಒಂದು ಊರಿನವರು ಜೇನು ಅಂತಾರೆ, ಇನ್ನೊಂದು ಊರಿನವರು ಸೀಗೆಕಾಯಿ ಅಂತಾರೆ. ಯಂತ್ರ ಯಾವ ಊರಲ್ಲಿ ಇಡುವುದು, ಬೀಗದ ಕೈ ಯಾರ ಹತ್ತಿರ, ತೂಕ ಯಾರು ಮಾಡುವುದು, ಇಷ್ಟನ್ನು ಅನುದಾನ ಬರುವ ಮೊದಲೇ ನಡಾವಳಿ ಪುಸ್ತಕದಲ್ಲಿ ಬರೆದು ಎಲ್ಲರ ಸಹಿ, ಹೆಬ್ಬೆಟ್ಟು ಹಾಕಿಸಿ.

*ಕೈಕಸುಬಿನವರಿಗೆ*

ಬಡಗಿ, ಬುಟ್ಟಿ-ಚಾಪೆ-ಪೊರಕೆ ಮಾಡುವವರು, ದೋಣಿ ಕಟ್ಟುವವರು, ಗೊಂಬೆ ಮಾಡುವವರು, ಇವರಿಗೆ ಪಿಎಂ ವಿಶ್ವಕರ್ಮ ಇದೆ. 2023ರ ಸೆಪ್ಟೆಂಬರ್ 17ರಂದು ಶುರುವಾದದ್ದು, 18 ಕಸುಬುಗಳಿಗೆ. ಬಿದಿರು ಹೆಣೆಯುವ ನಮ್ಮ ಮೇದಾರ ಕುಟುಂಬಗಳು, ಚನ್ನಪಟ್ಟಣದ ಗೊಂಬೆ ಕೆಲಸದವರು ಇದರಲ್ಲಿ ಬರುತ್ತಾರೆ. 5ರಿಂದ 7 ದಿನದ ಮೂಲ ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ. ಉಪಕರಣಕ್ಕೆ 15,000 ರೂಪಾಯಿಯ ವೋಚರ್. ಮೊದಲು 1 ಲಕ್ಷದವರೆಗೆ, ಅದು ತೀರಿಸಿದ ಮೇಲೆ 2 ಲಕ್ಷದವರೆಗೆ ಸಾಲ, ಶೇ 5ರ ಬಡ್ಡಿಯಲ್ಲಿ. ಒಂದು ಕುಟುಂಬಕ್ಕೆ ಒಬ್ಬರು ಮಾತ್ರ.

ನೋಂದಣಿ ಸಾಮಾನ್ಯ ಸೇವಾ ಕೇಂದ್ರದಲ್ಲಿ, ಆಧಾರ್ ಬೆರಳಚ್ಚು ಕೊಟ್ಟು. ನಂತರ ಗ್ರಾಮ ಪಂಚಾಯಿತಿ ಪರಿಶೀಲನೆ. ಪಂಚಾಯಿತಿಯವರು ನಿಮ್ಮ ಕೆಲಸ ನೋಡದೆ ಒಪ್ಪಿಗೆ ಕೊಡಲು ಹಿಂಜರಿಯಬಹುದು. ನೇಯ್ದ ಎರಡು ಬುಟ್ಟಿ, ಕೈಗತ್ತಿ ಜೊತೆಗೆ ಹೋದ ಮೇದಾರ ಅಜ್ಜಿಯೊಬ್ಬರು ಅಲ್ಲೇ ಜಗಲಿಯಲ್ಲಿ ಕೂತು ಬಿದಿರು ಸೀಳಿ ತೋರಿಸಿದ್ದನ್ನು ನೋಡಿದ್ದೇನೆ. ಸಿಬಿರು ಕೂದಲಿನಷ್ಟು ತೆಳುವಾಗಿ ಬರುತ್ತಿತ್ತು. ಬೇರೆ ಪ್ರಶ್ನೆಯೇ ಬರಲಿಲ್ಲ.

*ಘಟಕ ಹಾಕುವವರಿಗೆ*

ಬಿದಿರು ಪೀಠೋಪಕರಣ, ಅಡಿಕೆ ಹಾಳೆ ತಟ್ಟೆ, ಮರದ ಕೆತ್ತನೆ, ಇಂಥ ತಯಾರಿಕಾ ಘಟಕಕ್ಕೆ ಪಿಎಂಇಜಿಪಿ, ಅಂದರೆ ಸ್ವಂತ ಉದ್ಯೋಗಕ್ಕೆ ಬ್ಯಾಂಕ್ ಸಾಲದ ಜೊತೆ ಸಹಾಯಧನ ಕೊಡುವ ಕೇಂದ್ರದ ಯೋಜನೆ. ತಿನ್ನುವ, ಕುಡಿಯುವ ವಸ್ತುವಾದರೆ, ಅಂದರೆ ಮುರುಗಲು ಶರಬತ್ತು, ಜೇನುತುಪ್ಪ, ಹಲಸಿನ ಹಪ್ಪಳ, ಕಿರು ಆಹಾರ ಸಂಸ್ಕರಣಾ ಘಟಕಗಳಿಗಿರುವ ಕೇಂದ್ರದ ಯೋಜನೆ ಪಿಎಂಎಫ್‌ಎಂಇ ನೋಡಿ.

ಪಿಎಂಇಜಿಪಿಯಲ್ಲಿ ತಯಾರಿಕಾ ಘಟಕಕ್ಕೆ 50 ಲಕ್ಷ ರೂಪಾಯಿವರೆಗಿನ ಯೋಜನೆಗೆ ಅವಕಾಶ. ಹಳ್ಳಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ 25 ಸಹಾಯಧನ. ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು, ಮಾಜಿ ಸೈನಿಕರು ಮುಂತಾದ ವಿಶೇಷ ವರ್ಗಕ್ಕೆ ಶೇ 35. ಒಂದು ಉದಾಹರಣೆ: ಹಳ್ಳಿಯ ಹೆಣ್ಣುಮಗಳು 6 ಲಕ್ಷದ ಬಿದಿರು ಪೀಠೋಪಕರಣ ಘಟಕ ಹಾಕುತ್ತಾಳೆ. ಸ್ವಂತ ಹಣ ಶೇ 5, ಅಂದರೆ 30,000. ಬ್ಯಾಂಕ್ ಕೊಡುವುದು 5,70,000. ಸಹಾಯಧನ 2,10,000. ಈ ಸಹಾಯಧನ ಅವಳ ಕೈಗೆ ಬರುವುದಿಲ್ಲ. ಬ್ಯಾಂಕಿನಲ್ಲೇ ಅವಳ ಹೆಸರಲ್ಲಿ 3 ವರ್ಷ ಠೇವಣಿಯಾಗಿ ಕೂರುತ್ತದೆ. ಅಷ್ಟು ಮೊತ್ತದ ಸಾಲಕ್ಕೆ ಬಡ್ಡಿ ಇಲ್ಲ. 3 ವರ್ಷವಾದ ಮೇಲೆ ಘಟಕ ನಡೆಯುತ್ತಿದೆಯಾ ಎಂದು ನೋಡಿ ಸಾಲಕ್ಕೆ ಜಮಾ ಮಾಡುತ್ತಾರೆ. ಇಲ್ಲೂ ಅದೇ ತೊಗಟೆ ಕೆರೆದು ನೋಡುವ ಲೆಕ್ಕ.

ಪಿಎಂಎಫ್‌ಎಂಇಯಲ್ಲಿ ಕೇಂದ್ರದ ಸಹಾಯಧನ ಶೇ 35, ಗರಿಷ್ಠ 10 ಲಕ್ಷ. ಕರ್ನಾಟಕ ಸರ್ಕಾರ ಇದಕ್ಕೆ ಶೇ 15 ಸೇರಿಸಿ ಶೇ 50 ಮಾಡಿದೆ, ಗರಿಷ್ಠ 15 ಲಕ್ಷ. ಸ್ವಸಹಾಯ ಸಂಘದವರಿಗೆ ತಲಾ 40,000 ರೂಪಾಯಿವರೆಗೆ ಮೂಲ ಬಂಡವಾಳ ಬೇರೆ ಇದೆ, ಅದು ಸಂಘಗಳ ಒಕ್ಕೂಟದ ಮೂಲಕ ಬರುತ್ತದೆ. ರಾಜ್ಯದಲ್ಲಿ ಕೆಪೆಕ್ (ಸರ್ಕಾರದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ) ಇದನ್ನು ನೋಡಿಕೊಳ್ಳುತ್ತದೆ. ಪ್ರತಿ ಜಿಲ್ಲೆಗೂ ಸಂಪನ್ಮೂಲ ವ್ಯಕ್ತಿಗಳಿದ್ದಾರೆ. ಕೃಷಿ ಇಲಾಖೆಯ ಜಂಟಿ ನಿರ್ದೇಶಕರ ಕಚೇರಿಯಲ್ಲಿ ಅವರ ನಂಬರ್ ಸಿಗುತ್ತದೆ. ಅರ್ಜಿ, ಪ್ರಾಜೆಕ್ಟ್ ರಿಪೋರ್ಟ್, ಬ್ಯಾಂಕಿನ ಓಡಾಟ, ಎಲ್ಲದಕ್ಕೂ ಅವರು ನೆರವಾಗಬೇಕು. ಅವರಿಗೆ ಸಂಭಾವನೆ ಯೋಜನೆಯಿಂದಲೇ ಹೋಗುತ್ತದೆ. ನೀವು ಕೊಡಬೇಕಾಗಿಲ್ಲ.

ಮೇಲಿನ ದರಗಳನ್ನು ಬಾಯಿಪಾಠ ಮಾಡಿಕೊಂಡು ಹೋಗಬೇಡಿ. ಅರ್ಜಿ ಹಾಕುವ ದಿನ ಜಾರಿಯಲ್ಲಿರುವ ಮಾರ್ಗಸೂಚಿಯ ಪ್ರತಿ ಕೇಳಿ ಪಡೆಯಿರಿ. ಈ ವರ್ಷದ ಗುರಿ ಇನ್ನೂ ಉಳಿದಿದೆಯಾ ಎಂದೂ ಕೇಳಿ. ಮಾರ್ಚಿನಲ್ಲಿ ಹೋದರೆ "ಮುಗಿದಿದೆ, ಮುಂದಿನ ವರ್ಷ ಬನ್ನಿ" ಎನ್ನುವುದೇ ಜಾಸ್ತಿ. ಏಪ್ರಿಲ್, ಮೇ ತಿಂಗಳು ಒಳ್ಳೆಯ ಹೊತ್ತು.

ಹೆಜ್ಜೆ 3: ಸಾಲಕ್ಕಿಂತ ಮೊದಲು ತರಬೇತಿ

ಇದನ್ನು ಒತ್ತಿ ಹೇಳುತ್ತೇನೆ. ತರಬೇತಿಯನ್ನು ಸರ್ಟಿಫಿಕೇಟಿಗೆ ಎಂದು ನೋಡಬೇಡಿ. ಹತ್ತು ದಿನ ಕೈ ಹಾಕಿ ಕೆಲಸ ಮಾಡಿದರೆ ಈ ಕಸುಬು ನಿಮಗೆ ಆಗುತ್ತದಾ ಇಲ್ಲವಾ ಎಂದು ಗೊತ್ತಾಗುತ್ತದೆ. ಸಾಲ ಮಾಡಿದ ಮೇಲೆ ಅದು ಗೊತ್ತಾದರೆ ಏನು ಪ್ರಯೋಜನ?

ಹತ್ತಿರದ ಬಾಗಿಲು, ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆ, ಆರ್‌ಸೆಟಿ. ಇದರ ಬೇರು ನಮ್ಮಲ್ಲೇ ಇದೆ. 1982ರಲ್ಲಿ ಧರ್ಮಸ್ಥಳದ ಟ್ರಸ್ಟ್, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ ರುಡ್‌ಸೆಟಿ ಶುರು ಮಾಡಿದರು. ಅದೇ ಮಾದರಿ ಆಮೇಲೆ ದೇಶದ ಜಿಲ್ಲೆ ಜಿಲ್ಲೆಗೆ ಹೋಯಿತು. ಊಟ, ವಸತಿ, ತರಬೇತಿ ಎಲ್ಲ ಉಚಿತ. ಜೇನು ಸಾಕಣೆ, ನರ್ಸರಿ, ಬಿದಿರು ಕೆಲಸ, ಬಡಗಿ ಕೆಲಸ, ಯಾವುದು ಯಾವ ತಿಂಗಳು ಎಂದು ಕೇಂದ್ರದ ಬೋರ್ಡಿನಲ್ಲಿ ಹಾಕಿರುತ್ತಾರೆ. ನಿಮಗೆ ಬೇಕಾದ ವಿಷಯ ಪಟ್ಟಿಯಲ್ಲಿ ಇಲ್ಲದಿದ್ದರೆ ಸುಮ್ನೆ ವಾಪಸ್ ಬರಬೇಡಿ. ಒಂದು ತಂಡಕ್ಕಾಗುವಷ್ಟು, ಇಪ್ಪತ್ತೈದು-ಮೂವತ್ತು ಜನರ ಸಹಿ ಹಾಕಿಸಿ ಮನವಿ ಕೊಡಿ. ತರಬೇತಿ ಮುಗಿದ ಮೇಲೆ ಎರಡು ವರ್ಷ ಅವರು ಹಿಂದೆ ಬಿದ್ದು ವಿಚಾರಿಸುತ್ತಾರೆ, ಬ್ಯಾಂಕ್ ಸಾಲಕ್ಕೂ ಕೈಜೋಡಿಸುತ್ತಾರೆ. ನನ್ನ ಕಣ್ಣಿಗೆ ಆ ಎರಡು ವರ್ಷದ ವಿಚಾರಣೆಯೇ ತರಬೇತಿಗಿಂತ ದೊಡ್ಡದು.

ಮರದ ಬಗ್ಗೆ ಆಳವಾಗಿ ಕಲಿಯುವವರಿಗೆ ಬೆಂಗಳೂರಿನ ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಶ್ರೀಗಂಧ ಬೇಸಾಯ, ಮರದ ಜಾತಿ ಗುರುತಿಸುವುದು, ಮರಗೆಲಸದ ಆಧುನಿಕ ಯಂತ್ರಗಳು, ಹೀಗೆ ಕಿರು ತರಬೇತಿ ನಡೆಸುತ್ತಾರೆ. ಇವಕ್ಕೆ ಶುಲ್ಕ ಇರುತ್ತದೆ. ಶ್ರೀಗಂಧಕ್ಕೆ ಲಕ್ಷಗಟ್ಟಲೆ ಹಾಕುವ ಮೊದಲು ಅಲ್ಲಿ ಹೋಗಿ ಬರುವುದು ಉಳಿತಾಯವೇ ಸರಿ. ಅದು ಬೇರೆ ಗಿಡದ ಬೇರಿನಿಂದ ತನ್ನ ಆಹಾರದ ಒಂದು ಪಾಲು ಹೀರಿ ಬದುಕುವ ಮರ, ಜೊತೆಗಿಡ ಇಲ್ಲದೆ ಏಳುವುದಿಲ್ಲ. ಇದನ್ನು ತಿಳಿಯದೆ ಬರೀ ಗಂಧದ ಸಸಿ ನೆಟ್ಟು ಕೈಸುಟ್ಟುಕೊಂಡವರಿದ್ದಾರೆ. ಶಿರಸಿ ಮತ್ತು ಪೊನ್ನಂಪೇಟೆಯ ಅರಣ್ಯ ಕಾಲೇಜುಗಳಲ್ಲೂ ರೈತರು ಹೋಗಿ ಕೇಳಬಹುದು.

ನೀವು ಕೆಲಸ ಕೊಡುವವರಾದರೆ ನಿಮ್ಮ ಕೆಲಸಗಾರರನ್ನೂ ಕಳಿಸಿ. ಮರ ಕಡಿಯುವುದು, ಜೇನು ಇಳಿಸುವುದು, ಉಪ್ಪಾಗೆ ಕೊಯ್ಯಲು ಎತ್ತರದ ಮರ ಹತ್ತುವುದು ಜೀವದ ಜೊತೆಗಿನ ಕೆಲಸ. ಹಗ್ಗ, ಬೆಲ್ಟು, ಹೆಲ್ಮೆಟ್ಟಿನ ಖರ್ಚನ್ನು ಪ್ರಾಜೆಕ್ಟ್ ರಿಪೋರ್ಟಿನಲ್ಲೇ ಸೇರಿಸಿ. ಉಪಕರಣದ ಪಟ್ಟಿಯಲ್ಲಿ ಅದು ಇರಬೇಕಾದ್ದೇ. ಇ-ಶ್ರಮ್ (ಅಸಂಘಟಿತ ಕಾರ್ಮಿಕರ) ನೋಂದಣಿ, ಅಪಘಾತ ವಿಮೆ ಕೂಡ ಅದೇ ವಾರ ಮಾಡಿಸಿ.

ಹೆಜ್ಜೆ 4: ಪ್ರಾಜೆಕ್ಟ್ ರಿಪೋರ್ಟ್ ನಿಮ್ಮ ಕೈಯಿಂದಲೇ ಹುಟ್ಟಲಿ

ಪೇಟೆಯಲ್ಲಿ ಎರಡು ಸಾವಿರ ಕೊಟ್ಟರೆ ರೆಡಿಮೇಡ್ ರಿಪೋರ್ಟ್ ಸಿಗುತ್ತದೆ. ಬೇಡ. ಅದರಲ್ಲಿ ಮುರುಗಲು ವರ್ಷಪೂರ್ತಿ ಸಿಗುತ್ತದೆ ಎಂದು ಬರೆದಿರುತ್ತಾರೆ! ನಮ್ಮ ಹಣ್ಣು ಬರುವುದು ಏಪ್ರಿಲ್ ಕೊನೆಯಿಂದ ಮಳೆ ಹಿಡಿಯುವವರೆಗೆ. ಐದಾರು ವಾರದಲ್ಲಿ ವರ್ಷದ ಸರಕು ಕೊಳ್ಳಬೇಕು, ಒಣಗಿಸಬೇಕು. ಮಾರುವುದು ಮುಂದಿನ ಹತ್ತು ತಿಂಗಳು. ಕೊಳ್ಳಲು ದುಡಿಯುವ ಬಂಡವಾಳ ಬೇಕೇ ಬೇಕು, ಬರೀ ಯಂತ್ರದ ಸಾಲ ಸಾಲದು. ಈ ಒಂದು ಮಾತನ್ನು ಬ್ಯಾಂಕ್ ಮ್ಯಾನೇಜರ್‌ಗೆ ನೀವೇ ವಿವರಿಸಿದರೆ ಅವರಿಗೆ ನಿಮ್ಮ ಮೇಲೆ ನಂಬಿಕೆ ಹುಟ್ಟುತ್ತದೆ.

ಲೆಕ್ಕ ಹೀಗೆ ಶುರು ಮಾಡಿ. ಹತ್ತು ಕೆಜಿ ಹಣ್ಣು ತೂಗಿ. ಬಿಡಿಸಿ ಸಿಪ್ಪೆ ಬೇರೆ, ಬೀಜ ಬೇರೆ ತೂಗಿ. ಸಿಪ್ಪೆ ಒಣಗಿಸಿ ಮತ್ತೆ ತೂಗಿ. ಎಷ್ಟು ದಿನ ಹಿಡಿಯಿತು, ಎಷ್ಟು ಕೂಲಿ, ಒಲೆಯಾದರೆ ಎಷ್ಟು ಕಟ್ಟಿಗೆ, ಬರೆದಿಡಿ. ಬೀಜ ಎಸೆಯಬೇಡಿ, ಅದರಿಂದ ಮುರುಗಲು ತುಪ್ಪ ಬರುತ್ತದೆ, ಅದೂ ಆದಾಯ. ಈ ಒಂದು ಹಾಳೆಯ ಲೆಕ್ಕ ಇಪ್ಪತ್ತು ಪುಟದ ರಿಪೋರ್ಟಿಗಿಂತ ಮೇಲು. ನಾವು ಮೊದಲ ಸಲ ಹೀಗೆ ತೂಗಿದಾಗ ಒಣಗಿದ ಸಿಪ್ಪೆಯ ತೂಕ ನಾವು ಅಂದುಕೊಂಡಿದ್ದಕ್ಕಿಂತ ತುಂಬಾ ಕಡಿಮೆ ಬಂತು. ಮಾರುವ ದರ ಅಲ್ಲೇ ತಿದ್ದಿಕೊಂಡೆವು.

ಮಾರಾಟದ ಪುಟದಲ್ಲಿ "ಬೇಡಿಕೆ ಚೆನ್ನಾಗಿದೆ" ಎಂದು ಬರೆದು ಬಿಡಬೇಡಿ. ಯಾರು ಕೊಳ್ಳುತ್ತಾರೆ? ಎರಡು ಅಂಗಡಿ, ಒಂದು ಹೋಟೆಲಿನವರಿಂದ "ತಿಂಗಳಿಗೆ ಇಷ್ಟು ಬೇಕು" ಎಂಬ ಕಾಗದ ಬರೆಸಿ ಲಗತ್ತಿಸಿ.

ಹೆಜ್ಜೆ 5: ಕಾಗದ, ಕೊಟೇಶನ್, ಬ್ಯಾಂಕ್

ಉದ್ಯಮ್ (ಸಣ್ಣ ಉದ್ದಿಮೆಗಳ) ನೋಂದಣಿ ಆನ್‌ಲೈನಿನಲ್ಲಿ ಉಚಿತ. ಅದೇ ರೀತಿ ಕಾಣುವ, ದುಡ್ಡು ಕೇಳುವ ಜಾಲತಾಣಗಳಿವೆ, ಎಚ್ಚರ. ತಿನ್ನುವ ವಸ್ತುವಾದರೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಜಾತಿ ಪ್ರಮಾಣಪತ್ರ, ಪಂಚಾಯಿತಿ ನಿರಾಕ್ಷೇಪಣಾ ಪತ್ರ, ಕಟ್ಟಡ ಬಾಡಿಗೆಯದಾದರೆ ಕರಾರು. ಎಲ್ಲ ಕಾಗದದಲ್ಲೂ ಹೆಸರಿನ ಅಕ್ಷರ ಒಂದೇ ಥರ ಇರಲಿ. ಆಧಾರ್ ಕಾರ್ಡಿನಲ್ಲಿ ಒಂದು, ಪಾಸ್‌ಬುಕ್ಕಿನಲ್ಲಿ ಇನ್ನೊಂದು ಇದ್ದರೆ ಹಣ ಬರುವ ದಿನ ತಡೆಯುತ್ತದೆ.

ಯಂತ್ರಕ್ಕೆ ಜಿಎಸ್‌ಟಿ ನಂಬರ್ ಇರುವ ಅಂಗಡಿಯ ಕೊಟೇಶನ್ ತನ್ನಿ. ಮೂರು ಅಂಗಡಿಯದು ಇದ್ದರೆ ಒಳ್ಳೆಯದು. ಇನ್ನು ಅತಿ ಮುಖ್ಯ ಮಾತು: ಸಾಲ ಮಂಜೂರಾಗುವ ಮೊದಲು ಯಂತ್ರ ಕೊಳ್ಳಬೇಡಿ.

ನಮ್ಮ ಸಂಘಕ್ಕೆ ಇದು ಆಗಿದೆ. ಹಣ್ಣಿನ ಕಾಲ ಹತ್ತಿರ ಬಂತು, ಮಂಜೂರಾತಿ ಬಂದಿರಲಿಲ್ಲ. "ಹೇಗಿದ್ದರೂ ಬರುತ್ತದೆ" ಎಂದು ಒಬ್ಬರು ಭರವಸೆ ಕೊಟ್ಟರು. ನಾವು ಉಳಿತಾಯದ ಹಣ ಒಟ್ಟು ಮಾಡಿ ಡ್ರೈಯರ್ ತಂದೆವು. ಮಂಜೂರಾತಿ ಬಂದಾಗ ಬಿಲ್ಲಿನ ತಾರೀಕು ಅದಕ್ಕಿಂತ ಹಿಂದಿನದು. ಆ ಯಂತ್ರ ಲೆಕ್ಕದಿಂದ ಹೊರಗೆ ಹೋಯಿತು. ಹನ್ನೆರಡು ಹೆಂಗಸರ ಎರಡು ವರ್ಷದ ಉಳಿತಾಯ ಅದು. ಡ್ರೈಯರ್ ಈಗಲೂ ಕೆಲಸ ಮಾಡುತ್ತಿದೆ, ಹಾಕಿದ ಹಣ ದುಡಿದು ಬಂತು. ಆದರೆ ಆ ಸಂಜೆ ನಡಾವಳಿ ಪುಸ್ತಕ ಮುಚ್ಚಿಟ್ಟು ಯಾರೂ ಮಾತಾಡದೆ ಮನೆಗೆ ಹೋದದ್ದು ನನಗೆ ಮರೆತಿಲ್ಲ. ಒಂದು ಹಂಗಾಮು ಹೋದರೆ ಹೋಗಲಿ, ಬಿಸಿಲಲ್ಲೇ ಒಣಗಿಸಿ. ಕಾಗದ ಬರಲಿ.

ಹೆಜ್ಜೆ 6: ಅರ್ಜಿ ಕೊಟ್ಟ ಮೇಲೆ

ಸ್ವೀಕೃತಿ ಇಲ್ಲದೆ ಕಚೇರಿಯಿಂದ ಹೊರಗೆ ಬರಬೇಡಿ. ಆನ್‌ಲೈನ್ ಆದರೆ ಅರ್ಜಿ ನಂಬರ್ ಫೋನಿನಲ್ಲೂ ಒಂದು ನೋಟ್‌ಬುಕ್ಕಿನಲ್ಲೂ ಬರೆದಿಡಿ. ಯಾವ ದಿನ ಯಾರನ್ನು ಭೇಟಿಯಾದಿರಿ, ಏನು ಹೇಳಿದರು ಎಂದು ಎರಡು ಸಾಲು. ಮೂರನೇ ಸಲ ಹೋದಾಗ ಆ ಪುಸ್ತಕ ತೆರೆದರೆ ಮಾತಿನ ಧಾಟಿಯೇ ಬದಲಾಗುತ್ತದೆ.

"ಕೆಲಸ ಮಾಡಿಸಿಕೊಡ್ತೇನೆ, ಇಷ್ಟು ಪರ್ಸೆಂಟ್" ಎನ್ನುವವರು ಬಂದೇ ಬರುತ್ತಾರೆ. ಸಬ್ಸಿಡಿ ನಿಮ್ಮ ಸಾಲದ ಖಾತೆಗೆ ಹೋಗುವ ಹಣ, ಪಾಲು ಕೊಡಲು ಕೈಯಲ್ಲಿ ಇರುವ ಹಣವಲ್ಲ. ಅವರಿಗೆ ಕೊಟ್ಟದ್ದು ನಿಮ್ಮ ಸ್ವಂತ ಜೇಬಿನಿಂದಲೇ ಹೋಗುತ್ತದೆ. ಆಧಾರ್, ಒಟಿಪಿ, ಸಹಿ ಹಾಕಿದ ಖಾಲಿ ಚೆಕ್ ಯಾರಿಗೂ ಬೇಡ.

ಬ್ಯಾಂಕಿನವರು ಇಲ್ಲ ಅಂದರೆ ಕಾರಣವನ್ನು ಬರಹದಲ್ಲಿ ಕೇಳಿ. ಬಹಳ ಸಲ ಕಾರಣ ಸಣ್ಣದಿರುತ್ತದೆ, ಹಳೇ ಸಾಲಗಳ ದಾಖಲೆ ಇಡುವ ಸಿಬಿಲ್‌ನಲ್ಲಿ ಹಳೇ ಬೈಕ್ ಸಾಲದ ಒಂದು ಕಂತು ಬಾಕಿ ಅಂತಲೋ, ಕೊಟೇಶನ್ ಹಳೆಯದಾಯಿತು ಅಂತಲೋ. ಸರಿಪಡಿಸಿ ಮತ್ತೆ ಕೊಡಿ. ಒಪ್ಪದಿದ್ದರೆ ಜಿಲ್ಲೆಯ ಬ್ಯಾಂಕುಗಳ ಕೆಲಸ ಹೊಂದಿಸುವ ಲೀಡ್ ಬ್ಯಾಂಕ್ ಮ್ಯಾನೇಜರ್‌ಗೆ ಬರೆಯಿರಿ. ಕಡತ ಎಲ್ಲಿ ನಿಂತಿದೆ ಎಂದೇ ತಿಳಿಯದಿದ್ದರೆ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿ, 30 ದಿನದಲ್ಲಿ ಉತ್ತರ ಕೊಡಬೇಕು. ಜಗಳವಾಡಲು ಹೋಗಬೇಡಿ. "ನನ್ನ ಇಂಥ ನಂಬರಿನ ಅರ್ಜಿ ಈ ದಿನ ಯಾರ ಮೇಜಿನಲ್ಲಿದೆ, ಯಾವ ಕಾರಣಕ್ಕೆ" ಎಂದು ಎರಡೇ ಪ್ರಶ್ನೆ ಸಾಕು.

ಮಂಜೂರಾದ ಮೇಲೆ ಒಂದು ಫೈಲು ಮಾಡಿ. ಬಿಲ್ಲು, ಯಂತ್ರದ ನಂಬರ್ ಕಾಣುವ ಫೋಟೊ, ಕರೆಂಟ್ ಬಿಲ್, ಕೂಲಿ ಪುಸ್ತಕ, ಮಾರಾಟದ ರಸೀದಿ. 3 ವರ್ಷದ ನಂತರ ಪರಿಶೀಲನೆಗೆ ಬಂದವರಿಗೆ ಇದೇ ತೋರಿಸಬೇಕು. ನರ್ಸರಿಯ ರಸೀದಿಯೂ ಇದರಲ್ಲೇ ಇರಲಿ. ಫೈಲನ್ನು ಅಟ್ಟದ ಮೇಲೆ ಇಡಬೇಡಿ, ನಮ್ಮ ಮಳೆಗೆ ಗೆದ್ದಲು ತಿನ್ನುತ್ತದೆ. ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ಪ್ರತಿ ಹಾಳೆಯ ಫೋಟೊವನ್ನು ಮನೆಯ ಇನ್ನೊಬ್ಬರ ಫೋನಿಗೂ ಕಳಿಸಿಡಿ.

ಗೌಡರ ಜಾಗದಲ್ಲಿ ಈ ವರ್ಷ ಮೂರನೇ ಎಣಿಕೆ. ಆ ಹೆಬ್ಬೇವು ಈಗ ಅವರ ತಲೆಗಿಂತ ಎತ್ತರವಾಗಿದೆ. ಬುಡದ ಗೂಟಕ್ಕೆ ಹೋದ ವಾರ ಹೊಸ ಸುಣ್ಣ ಬಳಿದಿದ್ದಾರೆ.